ಹಾಡುವ ತಟ್ಟೆಗೆ ಏರಿದ ಬೆಲೆ

ಒಂದು ವಸ್ತುವನ್ನು ಹಳೆಯದೆಂದು ಕಳೆಯುವುದಕ್ಕೂ, ಹಳೆಯದೆಂಬ ಕಾರಣಕ್ಕಾಗಿಯೇ ಅದನ್ನು ಕೊಳ್ಳುವುದಕ್ಕೂ ನಡುವೆ ಒಂದು ತಲೆಮಾರಿನ ಅಂತರ ಸಾಕು. 1980ರ ದಶಕದಲ್ಲಿ ಕ್ಯಾಸೆಟ್ಟುಗಳು ಮನೆಮನೆಗೂ ಬಂದಾಗ, ಚಾವಡಿಯ ಮೇಜನ್ನು ಅಲಂಕರಿಸಿದ್ದ ಗ್ರಾಮೊಫೋನು ಮೊದಲು ಮೂಲೆಗೆ ಸರಿಯಿತು; ಮೂಲೆಯಿಂದ ಅಟ್ಟಕ್ಕೇರಿತು. ಅದರೊಡನೆ ಹಾಡುವ ಕರಿಯ ತಟ್ಟೆಗಳೂ ಏರಿದುವು. ಅಟ್ಟದಲ್ಲಿ ಜಾಗ ಸಾಲದಿದ್ದಾಗ ಎಷ್ಟೋ ತಟ್ಟೆಗಳು ಗುಜರಿಯವನ ತಕ್ಕಡಿಗಿಳಿದುವು. ಅಜ್ಜ ಹೀಗೆ ತೂಕಕ್ಕೆ ಮಾರಿದ ವಸ್ತುವನ್ನು ಮೊಮ್ಮಗ ಇಂದು ಸಾವಿರಗಳನ್ನು ತೆತ್ತು ಮನೆಗೆ ತರುತ್ತಿದ್ದಾನೆ. ಉಡುಪಿಯಲ್ಲೋ ಮಣಿಪಾಲದಲ್ಲೋ ಇರುವವನು ಅದಕ್ಕಾಗಿ ಬೆಂಗಳೂರಿನ ಅಂಗಡಿಗಳನ್ನು ಅಲೆಯಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲಿನಿಂದಲೇ ತರಿಸಿಕೊಳ್ಳಬಹುದು. ಹೊಸ ಎಲ್‌ಪಿ ಒಂದಕ್ಕೆ ಸಾಮಾನ್ಯವಾಗಿ ಎರಡು ಮೂರು ಸಾವಿರ ರೂಪಾಯಿ. ವಿದೇಶದಿಂದ ಬಂದುದಾದರೆ ಇನ್ನೂ ಹೆಚ್ಚು.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ 2022ರಲ್ಲಿ 4 ಕೋಟಿ 10 ಲಕ್ಷ ವಿನೈಲ್ ತಟ್ಟೆಗಳು ಮಾರಾಟವಾದರೆ, ಸಿ.ಡಿ.ಗಳು ಮಾರಾಟವಾದದ್ದು 3 ಕೋಟಿ 30 ಲಕ್ಷ. ಸಂಖ್ಯೆಯಲ್ಲಿ ತಟ್ಟೆಯು ಸಿ.ಡಿ.ಯನ್ನು ಮೀರಿಸಿದ್ದು 1987ರ ಬಳಿಕ ಅದೇ ಮೊದಲು. ಸತ್ತಿತೆಂದು ಎಲ್ಲರೂ ಕೈಬಿಟ್ಟಿದ್ದ ಉದ್ಯಮವೊಂದು ಹೀಗೆ ಎದ್ದು ನಿಂತದ್ದು ಸಂಗೀತಪ್ರಿಯರಿಗೆ ಸಂತೋಷದ ಸಂಗತಿಯೇ ಸರಿ. ಆದರೆ ಆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ. ತಟ್ಟೆಗೆ ಇಷ್ಟು ಬೆಲೆ ಬಂದುದು ಏತಕ್ಕಾಗಿ? ಹಾಡು ಅಷ್ಟು ಅಪೂರ್ವವಾದುದರಿಂದಲೇ, ಅಥವಾ ತಟ್ಟೆಯನ್ನು ಬೇಕೆಂದೇ ಅಪೂರ್ವವಾಗಿ ಮಾಡಿದುದರಿಂದಲೇ?

ಗೊಮ್ಮಟನಂತಲ್ಲ, ಗ್ರಾಮೊಫೋನು

ಕಾರ್ಕಳದ ಬೆಟ್ಟದ ಮೇಲೆ ನಿಂತಿರುವ 42 ಅಡಿಯ ಗೊಮ್ಮಟಮೂರ್ತಿಯನ್ನು ವೀರಪಾಂಡ್ಯ ಭೈರರಸ 1432ರಲ್ಲಿ ಪ್ರತಿಷ್ಠಾಪಿಸಿದ. ಒಂದೇ ಬಂಡೆ, ಒಂದೇ ಮೂರ್ತಿ. ಶಿಲ್ಪಿಯ ಉಳಿ ಮುಟ್ಟಿದ ಆ ಕಲ್ಲಿಗೆ ಎರಡನೆಯ ಪ್ರತಿಯಿಲ್ಲ, ಇರುವುದೂ ಸಾಧ್ಯವಿಲ್ಲ. ಅದು ಏಕೈಕವಾದುದು ಅದರ ಹುಟ್ಟಿನ ಗುಣ.

ಗ್ರಾಮೊಫೋನ್ ತಟ್ಟೆಯ ಹುಟ್ಟು ಇದಕ್ಕೆ ನೇರವಾಗಿ ವಿರುದ್ಧ. ಎಮಿಲ್ ಬರ್ಲಿನರ್ 1887ರಲ್ಲಿ ತಟ್ಟೆಯಾಕಾರದ ಧ್ವನಿಮುದ್ರಿಕೆಗೆ ಹಕ್ಕುಪತ್ರ ಪಡೆದಾಗ ಅದರ ಹಿರಿಮೆಯೇ ಇದು: ಒಂದು ಸಲ ಹಾಡಿಸಿದುದನ್ನು ಅಚ್ಚೊತ್ತಿ ಬೇಕಾದಷ್ಟು ಪ್ರತಿ ತೆಗೆಯಬಹುದು. ಇಂದಿಗೂ ತಟ್ಟೆ ತಯಾರಾಗುವ ಕ್ರಮ ಬಹುಮಟ್ಟಿಗೆ ಹೀಗಿದೆ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಬಳಿದ ಮೃದುವಾದ ಮೆರುಗುಲೇಪದಲ್ಲಿ ಸೂಜಿಯು ಧ್ವನಿಯ ಗೆರೆಯನ್ನು ಕೊರೆಯುತ್ತದೆ. ಅದರ ಮೇಲೆ ಬೆಳ್ಳಿಯ ತೆಳುಪೊರೆ ಹಾಯಿಸಿ, ವಿದ್ಯುತ್ತಿನ ಸಹಾಯದಿಂದ ನಿಕ್ಕಲ್ ಲೋಹವನ್ನು ಕೂಡಿಸುತ್ತಾರೆ. ಬಿಡಿಸಿ ತೆಗೆದ ಲೋಹದ ಹಾಳೆ ‘ತಂದೆ’ ಎನಿಸುತ್ತದೆ; ಅದರಿಂದ ‘ತಾಯಿ’; ತಾಯಿಯಿಂದ ಒತ್ತುವ ಅಚ್ಚುಗಳು. ಒಂದು ಅಚ್ಚು ಸವೆಯುವ ಮೊದಲು ಸಾವಿರದ ಆಸುಪಾಸಿನಷ್ಟು ತಟ್ಟೆಗಳನ್ನು ಒತ್ತಬಲ್ಲದು. ಸವೆದರೆ ತಾಯಿಯಿಂದ ಮತ್ತೊಂದು ಅಚ್ಚು ಸಿದ್ಧ. ಬಹುವಾಗುವುದೇ ಇದರ ಸ್ವಭಾವ. ಇಂಥ ವಸ್ತು ‘ಐನೂರೇ ಐನೂರು ಪ್ರತಿ’ ಎಂಬ ಮುದ್ರೆ ಹೊತ್ತು ಬಂದರೆ, ಆ ಐನೂರನ್ನು ನಿರ್ಣಯಿಸಿದುದು ಅಚ್ಚಲ್ಲ, ಮಾರುವವನು ಎಂದು ತಿಳಿಯಬೇಕು.

ಮಲ್ಲಿಗೆಯ ಕೊರತೆ, ತಟ್ಟೆಯ ಕೊರತೆ

ಕೊರತೆಯೆಲ್ಲವೂ ಮೋಸವಲ್ಲ. ಕಾಪು ತಾಲೂಕಿನ ಶಂಕರಪುರದಲ್ಲಿ ಮಲ್ಲಿಗೆಗೆ ದಿನದಿನವೂ ಹೊಸ ಬೆಲೆ. ನಾಲ್ಕು ಚೆಂಡು ಕೂಡಿದರೆ ಒಂದು ಅಟ್ಟೆ. ಮದುವೆಯ ಮುಹೂರ್ತಗಳು ಒತ್ತಾಗಿ ಬಂದಾಗ, ಹಬ್ಬಗಳು ಎದುರಾದಾಗ ಅಟ್ಟೆಯ ಬೆಲೆ ಗಗನಕ್ಕೇರುತ್ತದೆ. ಮಳೆ ಹಿಡಿದರೆ ಮೊಗ್ಗು ಕಡಮೆ, ಬೆಲೆ ಹೆಚ್ಚು. ಕೊಳ್ಳುವ ಗೃಹಿಣಿ ಗೊಣಗಿದರೂ ಬೆಳೆದವರನ್ನು ದೂರುವಂತಿಲ್ಲ. ಬೆಳಗ್ಗೆ ಕೊಯ್ದ ಹೂವನ್ನು ನಾಳೆಗೆಂದು ಕೂಡಿಡಲು ಬರುವುದಿಲ್ಲ. ಪ್ರಕೃತಿ ಕೊಟ್ಟಷ್ಟೇ ಉಂಟು.

ತಟ್ಟೆಯ ಚರಿತ್ರೆಯಲ್ಲಿಯೂ ಇಂಥ ನಿಜವಾದ ಅಭಾವಗಳು ಬಂದುಹೋಗಿವೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಿಗೆ ಬೇಕಾಗಿದ್ದುದು ಅರಗು. ಅದು ಮುಖ್ಯವಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಎರಡನೆಯ ಮಹಾಯುದ್ಧದ ವೇಳೆ, 1942ರಲ್ಲಿ, ಅಮೆರಿಕ ಸರಕಾರ ರಿಕಾರ್ಡುಗಳಿಗಾಗಿ ಅರಗಿನ ಬಳಕೆಯನ್ನು ಶೇಕಡಾ 70ರಷ್ಟು ಕಡಿತಗೊಳಿಸಿತು. ತೀರ ಈಚೆಗೆ, 2020ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದು ಬೆಂಕಿಗೆ ಆಹುತಿಯಾಯಿತು. ಧ್ವನಿ ಕೊರೆಯುವ ಮೆರುಗುತಟ್ಟೆಗಳನ್ನು ತಯಾರಿಸುತ್ತಿದ್ದ ಜಗತ್ತಿನ ಎರಡು ಮುಖ್ಯ ಕಾರ್ಖಾನೆಗಳಲ್ಲಿ ಅದೊಂದು; ಉಳಿದುದು ಜಪಾನಿನಲ್ಲಿತ್ತು. ಕೂಡಲೇ ಬಂದ ಸಾಂಕ್ರಾಮಿಕ ಜಾಡ್ಯ ಕೆಲಸಗಾರರನ್ನು ಮನೆಯಲ್ಲಿ ಕೂರಿಸಿತು. ಬೇಡಿಕೆ ಏರಿದರೂ ಒತ್ತುವ ಯಂತ್ರಗಳು ಹಿಡಿಯಷ್ಟು. ಒಂದು ತಟ್ಟೆಗಾಗಿ ಸಣ್ಣ ಕಲಾವಿದರು ತಿಂಗಳುಗಟ್ಟಲೆ ಕಾಯಬೇಕಾಯಿತು. ಈ ಕಾರಣಗಳಿಂದ ಬೆಲೆ ಏರಿದರೆ ಅದು ಮಲ್ಲಿಗೆಯ ಬೆಲೆಯಂತೆಯೇ, ಅರ್ಥವಾಗುವ ಮಾತು.

ಅರ್ಥವಾಗದಿರುವುದು ಇನ್ನೊಂದು ಬಗೆಯ ಕೊರತೆ. ಅಮೆರಿಕದ ಸಣ್ಣ ಅಂಗಡಿಕಾರರು ಕೂಡಿ 2008ರ ಏಪ್ರಿಲಿನಲ್ಲಿ ‘ರೆಕಾರ್ಡ್ ಸ್ಟೋರ್ ಡೇ’ ಎಂಬ ವಾರ್ಷಿಕ ದಿನವನ್ನು ಆರಂಭಿಸಿದರು. ಮುಚ್ಚಿಹೋಗುತ್ತಿದ್ದ ಅಂಗಡಿಗಳಿಗೆ ಗಿರಾಕಿಗಳನ್ನು ಮರಳಿ ತರುವುದು ಉದ್ದೇಶ. ಉದ್ದೇಶ ಒಳ್ಳೆಯದೇ, ಫಲವೂ ದೊರೆಯಿತು. ಆದರೆ ಆ ದಿನಕ್ಕೆಂದೇ ಮಿತವಾದ ಪ್ರತಿಗಳನ್ನು ಹೊರತರುವ ಪದ್ಧತಿ ಬೆಳೆದಂತೆ, ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಲ್ಲುವವರಲ್ಲಿ ಕೇಳುವವರೊಂದಿಗೆ ಮರುಮಾರಾಟಗಾರರೂ ಸೇರಿದರು. ಬೆಳಗ್ಗೆ ಕೊಂಡ ತಟ್ಟೆ ಸಂಜೆಯೊಳಗೆ ಎರಡು ಮೂರು ಪಟ್ಟು ಬೆಲೆಗೆ ಮತ್ತೆ ಸಂತೆಗೆ ಬರುತ್ತದೆ. ದೊಡ್ಡ ಕಂಪೆನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದುವು. ಅದೇ ಹಾಡು, ಅದೇ ಧ್ವನಿ. ಒಮ್ಮೆ ಕೆಂಪು ತಟ್ಟೆ, ಒಮ್ಮೆ ನೀಲಿ, ಒಮ್ಮೆ ಹೊಗೆಯಂತೆ ಮಸುಕಾದುದು. ಎಲ್ಲಕ್ಕೂ ‘ಸೀಮಿತ ಆವೃತ್ತಿ’ ಎಂಬ ಪಟ್ಟಿ. ಅಭಿಮಾನಿಯಾದವನು ಒಂದನ್ನು ಕೇಳುತ್ತಾನೆ, ಉಳಿದುವನ್ನು ಕೊಳ್ಳುತ್ತಾನೆ.

ಈ ಮನೋಧರ್ಮದ ಪರಮಾವಧಿಯನ್ನು ಜಗತ್ತು 2015ರಲ್ಲಿ ಕಂಡಿತು. ನ್ಯೂಯಾರ್ಕಿನ ವೂ-ಟ್ಯಾಂಗ್ ಕ್ಲ್ಯಾನ್ ಎಂಬ ಗಾಯಕರ ತಂಡ ಸಂಗೀತಸಂಪುಟವೊಂದರ ಒಂದೇ ಒಂದು ಪ್ರತಿಯನ್ನು ಸಿ.ಡಿ. ರೂಪದಲ್ಲಿ ಸಿದ್ಧಪಡಿಸಿ 20 ಲಕ್ಷ ಡಾಲರಿಗೆ ಮಾರಿತು. ಊರಿಗೊಬ್ಬಳೇ ಪದ್ಮಾವತಿ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಕ್ಕಿ ಸಕ್ಕರೆಗಳನ್ನು ಗೋದಾಮಿನಲ್ಲಿ ಬಚ್ಚಿಟ್ಟು ಬೆಲೆ ಏರಿಸಿದವನನ್ನು ಸಮಾಜ ಕಾಳಸಂತೆಕೋರನೆಂದು ಹಳಿಯಿತು. ಹಾಡನ್ನು ಒತ್ತದೆ ಇಟ್ಟು ಬೆಲೆ ಏರಿಸುವವನನ್ನು ಕಲೆಯ ಪೋಷಕನೆಂದು ಹೊಗಳುತ್ತಿದೆ. ಅಕ್ಕಿಯಿಲ್ಲದೆ ಹೊಟ್ಟೆ ಬೇಯುತ್ತದೆ, ತಟ್ಟೆಯಿಲ್ಲದೆ ಯಾರೂ ಸಾಯುವುದಿಲ್ಲ ಎಂಬುದು ನಿಜ. ಆದರೂ ಎರಡರ ತಂತ್ರ ಒಂದೇ.

ಎರಡಾಣೆಯ ಪಾಠ

‘ಇದು ಖರ್ಚಲ್ಲ, ಹೂಡಿಕೆ’ ಎಂಬುದು ಸಂಗ್ರಾಹಕರು ಮನೆಯವರಿಗೆ ಹೇಳುವ ಸಮಾಧಾನ. ಹೂಡಿಕೆಯ ವಿಚಾರದಲ್ಲಿ ಉಡುಪಿ ದೇಶಕ್ಕೇ ಪಾಠ ಹೇಳಿದ ಊರು. 1925ರಲ್ಲಿ 8,000 ರೂಪಾಯಿ ಬಂಡವಾಳದಿಂದ ಇಲ್ಲಿ ಹುಟ್ಟಿ, ಮುಂದೆ ಮಣಿಪಾಲದಲ್ಲಿ ನೆಲೆನಿಂತು ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನಾದರೂ ಸಂಗ್ರಹಿಸುತ್ತಿದ್ದರು. ಎಂಟು ದಿನ ಕೂಡಿದರೆ ಒಂದು ರೂಪಾಯಿ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ, ಎರಡಾಣೆಯ ವಿವೇಕ ಈ ನೆಲದಲ್ಲಿ ಉಳಿದಿದೆ.

ಆ ವಿವೇಕದಿಂದ ನೋಡಿದರೆ ತಟ್ಟೆಯ ಹೂಡಿಕೆಯ ಬಣ್ಣ ಬಯಲಾಗುತ್ತದೆ. ಠೇವಣಿಯ ಹಿಂದೆ ಬ್ಯಾಂಕಿನ ಹೊಣೆಯಿದೆ. ಸೀಮಿತ ಆವೃತ್ತಿಯ ಹಿಂದೆ ಇರುವುದು ‘ಮತ್ತೆ ಒತ್ತುವುದಿಲ್ಲ’ ಎಂಬ ಮಾರಾಟಗಾರನ ಮಾತು ಮಾತ್ರ. ಅವನು ನಾಳೆ ಅದೇ ಹಾಡನ್ನು ಹೊಸ ಹೊದಿಕೆಯಲ್ಲಿ ತಂದರೆ ನಿನ್ನೆಯ ಬೆಲೆ ಕುಸಿಯಬಹುದು. ಇನ್ನೊಂದು ವಿಪರ್ಯಾಸವನ್ನು ನೋಡಿರಿ. ತಟ್ಟೆಯನ್ನು ನುಡಿಸಿದರೆ ಅದು ಸವೆಯುತ್ತದೆ. ಸವೆದರೆ ಬೆಲೆ ಇಳಿಯುತ್ತದೆ. ಆದುದರಿಂದ ಹೆಚ್ಚು ಬೆಲೆಯ ತಟ್ಟೆ ಹೊದಿಕೆಯೊಡೆಯದೆ ಕಪಾಟಿನಲ್ಲಿ ಮೌನವಾಗಿರಬೇಕು. ಹಾಡಲೆಂದು ಹುಟ್ಟಿದ ವಸ್ತು ಹಾಡದಿದ್ದರೇ ಅದಕ್ಕೆ ಬೆಲೆ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಹಿತ್ತಲ ಗಿಡ

ಇಷ್ಟೆಲ್ಲ ಗದ್ದಲದ ನಡುವೆ ನಿಜವಾಗಿ ಅಪೂರ್ವವಾದ ತಟ್ಟೆಗಳು ಸದ್ದಿಲ್ಲದೆ ನಾಶವಾಗುತ್ತಿವೆ. ಅವು ವಿದೇಶದವಲ್ಲ, ನಮ್ಮವೇ. ಭಾರತದಲ್ಲಿ ಧ್ವನಿಮುದ್ರಣ ಆರಂಭವಾದ ದಿನಗಳಲ್ಲಿ, 1902ರ ನವೆಂಬರಿನಲ್ಲಿ, ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯಿಂದ ಹಾಡಿಸಿದ. ತಟ್ಟೆ ಒತ್ತುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಲೆಂದು ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಉಚ್ಚರಿಸುತ್ತಿದ್ದಳು. ದೇಶವೆಲ್ಲ ಕೇಳಿದ ಆ ಕಂಠ ಅಡಗಿದುದು 1930ರಲ್ಲಿ, ನಮ್ಮ ಮೈಸೂರಿನಲ್ಲಿ.

ಕನ್ನಡದ ಕಂಠಗಳಿಗೂ ಇಂಥದೇ ಕಥೆಯುಂಟು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್.ಎಂ.ವಿ. ಕಂಪೆನಿಗೆ ಹಾಡಿದಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಆಗ ಅವರದು ಎತ್ತರದ, ಕೋಮಲವಾದ ಧ್ವನಿ. ಬಳಿಕ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆಯೇ ನಾಡು ಬಲ್ಲ ಆ ಗಂಭೀರ ಧ್ವನಿ ಮೂಡಿದುದು. ಅವರ ಮೊದಲ ಧ್ವನಿಯನ್ನು ಕೇಳಬೇಕೆಂದರೆ ಆ ಹಳೆಯ 78ರ ತಟ್ಟೆಗಳಿಗೇ ಕಿವಿಗೊಡಬೇಕು. ಉಡುಪಿಗೆ ಸಮೀಪದ ಆರೂರಿನಲ್ಲಿ ಹುಟ್ಟಿ, ಕವಿಗಳ ಗೀತೆಗಳನ್ನು ಜನಸಾಮಾನ್ಯರ ನಾಲಗೆಗೆ ತಂದ ಪಿ. ಕಾಳಿಂಗರಾಯರು 1981ರಲ್ಲಿ ತೀರಿಕೊಂಡರು. ಅವರ ಹಾಡುಗಳೂ ಊರೂರಿಗೆ ಹಬ್ಬಿದುದರಲ್ಲಿ ಈ ತಟ್ಟೆಗಳ ಪಾಲುಂಟು. ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು, ಕೈಜಾರಿದರೆ ಚೂರು.

ಹಿತ್ತಲ ಗಿಡ ಮದ್ದಲ್ಲ ಎಂಬ ಉದಾಸೀನ ಇಲ್ಲಿ ದುಬಾರಿಯಾದುದು. ಇದಕ್ಕೊಂದು ನಿದರ್ಶನವಿದೆ. 1960ರ ದಶಕದ ನಡುಭಾಗದಲ್ಲಿಯೂ ನಮ್ಮ ಎಷ್ಟೋ ಮನೆಗಳಲ್ಲಿ ಕೀಲಿ ತಿರುಗಿಸುವ ಗ್ರಾಮೊಫೋನುಗಳೇ ಇದ್ದುದರಿಂದ, ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಕಲ್ಕತ್ತೆಯ ಡಂಡಂ ಕಾರ್ಖಾನೆಯಿಂದ 78ರ ತಟ್ಟೆಗಳಾಗಿ ಹೊರಬಂದುವು. ಅಂದು ಬಡವರ ಅನುಕೂಲಕ್ಕೆಂದು ಒತ್ತಿದುದನ್ನು ಇಂದು ವಿದೇಶೀ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಟ್ಟು ಒಯ್ಯುತ್ತಾರೆ. ಅದೇ ಕಾಲದ ಕನ್ನಡದ ನಾಟಕಪದಗಳನ್ನೋ ದೇವರನಾಮಗಳನ್ನೋ ಅಷ್ಟು ಅಕ್ಕರೆಯಿಂದ ಕೇಳುವವರಿಲ್ಲ. ಬೆಲೆಯಿಲ್ಲದುದರಿಂದ ಯಾರೂ ಕಾಯುವುದಿಲ್ಲ. ಕಾಯದಿರುವುದರಿಂದ ಅವು ಉಳಿಯುವುದಿಲ್ಲ.

ಕಾಯುವ ಕೆಲಸ ಅಸಾಧ್ಯವೇನೂ ಅಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಪ್ರೊ. ಕು. ಶಿ. ಹರಿದಾಸ ಭಟ್ಟರು 1980ರ ದಶಕದಲ್ಲಿ ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ, ಯಕ್ಷಗಾನವೇ ಮೊದಲಾದ ಕಲೆಗಳ ಧ್ವನಿ ಮತ್ತು ದೃಶ್ಯಗಳನ್ನು ಸುರುಳಿಗಳಲ್ಲಿ ಕೂಡಿಟ್ಟಿತು. ಮಾರುವುದಕ್ಕಲ್ಲ, ಮುಂದಿನವರು ಕೇಳುವುದಕ್ಕೆ. ಗೌಹರ್ ಜಾನಳ ಚರಿತ್ರೆ ಬರೆದ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಹಳೆಯ ತಟ್ಟೆಗಳನ್ನು ಗಣಕಯಂತ್ರಕ್ಕಿಳಿಸಿ ಎಲ್ಲರೂ ಕೇಳುವಂತೆ ಮಾಡಿತು. ಕಾಯಿದೆಯೂ ಇಂಥ ಕೆಲಸಕ್ಕೆ ಬಹುಮಟ್ಟಿಗೆ ಅನುಕೂಲವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ. ಎಂದರೆ 1950ರ ದಶಕದಲ್ಲಿ ಹೊರಬಂದ ತಟ್ಟೆಗಳ ಧ್ವನಿಮುದ್ರಣ ಹಕ್ಕಿನ ಅವಧಿ ತೀರಿದೆ. ಆದರೆ ಕವಿಯ ಹಕ್ಕು ಬೇರೆ. ಅದು ಆತ ತೀರಿಕೊಂಡ ಮೇಲೆಯೂ 60 ವರ್ಷ ನಡೆಯುತ್ತದೆ ಎಂಬುದನ್ನು ಮರೆಯಬಾರದು.

ಮನೆಯವರು ಮಾಡಬಹುದಾದುದು

ಅಟ್ಟದ ಮೇಲೆ ಇಂಥ ತಟ್ಟೆಗಳಿದ್ದರೆ ಮೊದಲು ಮಾಡಬೇಕಾದುದು ಗುಜರಿಯವನನ್ನು ತಡೆಯುವುದು. ಬಳಿಕ ಅವನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಹೆಂಚಿನ ಬಿಸಿಯೂ ಮಳೆಗಾಲದ ತೇವವೂ ಎರಡೂ ಶತ್ರುಗಳು. ಕರಾವಳಿಯ ಆಷಾಢದಲ್ಲಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಹಳೆಯ 78ರ ತಟ್ಟೆಗಳನ್ನು ಎಂದೂ ಸ್ಪಿರಿಟಿನಿಂದ ಒರಸಕೂಡದು. ಸ್ಪಿರಿಟಿನಲ್ಲಿ ಅರಗು ಕರಗುತ್ತದೆ. ಎಲ್‌ಪಿಗೆಂದು ಮಾಡಿದ ಸೂಜಿಯಿಂದ ಅವನ್ನು ನುಡಿಸಲೂ ಬಾರದು. 78ರ ಗೆರೆ ಅಗಲವಾದುದು, ಅದಕ್ಕೆ ಬೇರೆ ಸೂಜಿ ಬೇಕು. ಪ್ರತಿ ತಟ್ಟೆಯ ಮೇಲಿನ ಹಾಡು, ಹಾಡಿದವರ ಹೆಸರು, ಕಂಪೆನಿ, ಸಂಖ್ಯೆ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅರ್ಧ ಕೆಲಸವಾದಂತೆ. ಎಲ್ಲಿಯೂ ಸಿಗದ ಹಾಡೆಂದು ಕಂಡರೆ ಬಲ್ಲವರಿಂದ ಗಣಕಯಂತ್ರಕ್ಕಿಳಿಸಿ, ನಾಲ್ಕು ಜನರಿಗೆ ಹಂಚಬೇಕು.

ಹೊಸ ತಟ್ಟೆ ಕೊಳ್ಳುವವರು ಕೊಳ್ಳಲಿ. ದೊಡ್ಡ ಹೊದಿಕೆಯ ಚಿತ್ರವನ್ನು ನೋಡುತ್ತ, ಮಗ್ಗುಲು ಬದಲಿಸುತ್ತ ಹಾಡು ಕೇಳುವುದರಲ್ಲಿ ಒಂದು ಸುಖವುಂಟು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದೇ ಹಾಡು ಎಲ್ಲ ಅಂಗಡಿಗಳಲ್ಲೂ ಸುಲಭವಾಗಿ ಸಿಗುವಂತಾದರೂ ಇದು ಬೇಕೇ? ಬೇಕೆಂದಾದರೆ ತರಬಹುದು, ಕೇಳಬಹುದು, ಸವೆಯುವವರೆಗೂ ಕೇಳಬಹುದು. ಬೇಡವೆಂದಾದರೆ ಕೊಳ್ಳುತ್ತಿರುವುದು ಹಾಡನ್ನಲ್ಲ, ಮತ್ತೊಬ್ಬನಿಗೆ ಸಿಗಲಿಲ್ಲವೆಂಬ ತೃಪ್ತಿಯನ್ನು. ಅದಕ್ಕೆ ಮೂರು ಸಾವಿರ ರೂಪಾಯಿ ಹೆಚ್ಚೇ ಆಯಿತು.