ವೃದ್ಧರ ಕಣ್ಣುನೋವು: ವಾಂತಿಯ ಮರೆಯಲ್ಲಿ ಗ್ಲಾಕೋಮಾ

ತೀವ್ರ ತಲೆನೋವು, ವಾಂತಿ ಎಂದು ವೃದ್ಧೆಯೊಬ್ಬರನ್ನು ರಾತ್ರಿ ಆಸ್ಪತ್ರೆಗೆ ಕರೆತಂದರೆ ಪಿತ್ತವೆಂದೋ ರಕ್ತದೊತ್ತಡವೆಂದೋ ಭಾವಿಸುವುದು ಸಹಜ. ಆದರೆ ಒಂದು ಕಣ್ಣು ಕೆಂಪಾಗಿ ನೋಯುತ್ತ, ದೃಷ್ಟಿ ಮಂಜಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದ್ದರೆ ಅದು ಹಠಾತ್ ಗ್ಲಾಕೋಮಾ ಇರಬಹುದು. ಕಣ್ಣೊಳಗಿನ ದ್ರವ ಹೊರಹರಿಯುವ ದಾರಿ ಮುಚ್ಚಿ, ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟಿರುವ ಒತ್ತಡ 50ನ್ನೂ ಮೀರಬಲ್ಲದು. ಚಿಕಿತ್ಸೆ ತಡವಾದರೆ ದೃಷ್ಟಿನರ ಶಾಶ್ವತವಾಗಿ ಹಾಳಾಗುತ್ತದೆ. ಬಲಿತ ಪೊರೆ ಊದಿಕೊಂಡಾಗಲೂ ಹೀಗಾಗುವುದುಂಟು. ಪೊರೆಯ ಶಸ್ತ್ರಚಿಕಿತ್ಸೆಯನ್ನು ಸುಗ್ಗಿಯಿಂದ ಸುಗ್ಗಿಗೆ ಮುಂದೂಡುವ ಮನೆಗಳವರು ಇದನ್ನು ಗಮನಿಸಬೇಕು.

ಗುರುಮಠಕಲ್‌ನಂಥ ತಾಲ್ಲೂಕು ಕೇಂದ್ರದಲ್ಲಿ ರಾತ್ರಿ ನೇತ್ರತಜ್ಞರು ಸಿಗದಿದ್ದರೂ ಪರೀಕ್ಷೆ ನಿಲ್ಲಬೇಕಿಲ್ಲ. ಕರ್ತವ್ಯದಲ್ಲಿರುವ ವೈದ್ಯರು ಮೊದಲು ಒಂದೊಂದೇ ಕಣ್ಣಿನ ದೃಷ್ಟಿ ನೋಡಬೇಕು. ಅಕ್ಷರ ಫಲಕವಿಲ್ಲದಿದ್ದರೆ ಬೆರಳೆಣಿಸಿದರೂ ಆದೀತು. ಪಾಪೆ ಅರೆ ಹಿಗ್ಗಿ ಬೆಳಕಿಗೆ ಕುಗ್ಗದಿದ್ದರೆ, ರೆಪ್ಪೆಯ ಮೇಲಿಂದ ಮೃದುವಾಗಿ ಮುಟ್ಟಿದಾಗ ಕಣ್ಣುಗುಡ್ಡೆ ಗಟ್ಟಿಯೆನಿಸಿದರೆ ಸಂದೇಹ ಬಲಗೊಳ್ಳುತ್ತದೆ. (ಪೆಟ್ಟು ಬಿದ್ದ ಕಣ್ಣನ್ನು ಮಾತ್ರ ಒತ್ತಲೇಬಾರದು.) ತಜ್ಞರನ್ನು ದೂರವಾಣಿಯಲ್ಲಿ ವಿಚಾರಿಸಿ, ಯಾದಗಿರಿಗೆ ಕಳುಹಿಸುವ ಮುನ್ನವೇ ಒತ್ತಡ ತಗ್ಗಿಸುವ ಅಸೆಟಾಜೋಲಮೈಡ್, ಟಿಮೊಲಾಲ್ ಹನಿ ಆರಂಭಿಸಬಹುದು. ಆದರೆ ಆಸ್ತಮಾ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇವೆಯೇ ಎಂದು ಕೇಳಿದ ನಂತರವೇ.

ನೋವು ಇಳಿಯಿತೆಂದು ಊರಿಗೆ ಮರಳುವವರುಂಟು. ಇನ್ನೊಂದು ಕಣ್ಣಿಗೂ ಅದೇ ಅಪಾಯವಿರುವುದರಿಂದ ಸಾಮಾನ್ಯವಾಗಿ ಅದಕ್ಕೂ ಲೇಸರ್ ಚಿಕಿತ್ಸೆ ಮಾಡುತ್ತಾರೆ.