ಇಂಜಿನ್ ಒಬ್ಬರದು, ಬೋಗಿ ಇನ್ನೊಬ್ಬರದು

ಜಾತ್ರೆಯಲ್ಲಿ ಕೀಲಿ ಕೊಟ್ಟರೆ ಸುತ್ತುವ ರೈಲನ್ನು ನಾವೆಲ್ಲ ನೋಡಿದ್ದೇವೆ. ನಾನು ಹೇಳಹೊರಟಿರುವುದು ಅದಲ್ಲ. ನಿಜವಾದ ರೈಲನ್ನು ಲೆಕ್ಕ ಹಾಕಿ ಕುಗ್ಗಿಸಿ, ಕರೆಂಟಿನಲ್ಲಿ ಓಡಿಸುವ ಮಾದರಿ ರೈಲುಗಳ ವಿಷಯ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1859ರಷ್ಟು ಹಳೆಯದು. ಇಂಗ್ಲೆಂಡಿನ ಹಾರ್ನ್‌ಬಿ ರೈಲು ಬಂದದ್ದು 1920ರಲ್ಲಿ. ಅಲ್ಲಿ ಮಕ್ಕಳಷ್ಟೇ ಅಲ್ಲ, ತಲೆ ನರೆತವರೂ ಇದನ್ನು ಇಟ್ಟುಕೊಂಡು ಕೂರುತ್ತಾರೆ!

ಒಂದು ಕಂಪನಿಯ ಇಂಜಿನ್ನಿಗೆ ಇನ್ನೊಂದು ಕಂಪನಿಯ ಬೋಗಿ ಕಟ್ಟಬಹುದೆ? ಹಳಿ ಒಂದೇ ಅಗಲ ಇದ್ದರೆ ಸಾಕಲ್ಲ ಅಂತ ಯಾರಾದರೂ ಹೇಳುತ್ತಾರೆ. ಸಾಲದು.

ಸಮಾಜ ಪಾಠದ ನಕ್ಷೆಯ ಮೂಲೆಯಲ್ಲಿ ಅಳತೆ ಪ್ರಮಾಣ ಬರೆದಿರುತ್ತೆ, ನೆನಪಿದೆಯಾ? ರೈಲಿಗೂ ಹಾಗೇ. ಯೂರೋಪಿನಲ್ಲಿ ಹೆಚ್ಚು ನಡೆಯುವುದು ಎಚ್‌ಓ, ಅಂದರೆ 1:87. ಇಂಗ್ಲೆಂಡಿನಲ್ಲಿ ಓಓ, ಅಂದರೆ ಸುಮಾರು 1:76. ಆದರೆ ಎರಡಕ್ಕೂ ಹಳಿ ಒಂದೇ, 16.5 ಮಿ.ಮೀ.! ಅಲ್ಲಿನ ನಿಜವಾದ ಹಳಿಯ ಅಗಲ 1435 ಮಿ.ಮೀ. ಅದನ್ನು 87ರಿಂದ ಭಾಗಿಸಿ ನೋಡಿ, 16.5 ಬರುತ್ತದೆ. 76ರಿಂದ ಭಾಗಿಸಿದರೆ ಹತ್ತಿರ ಹತ್ತಿರ 19. ಬ್ರಿಟಿಷ್ ಇಂಜಿನ್‌ಗಳು ಸಣ್ಣವು, ಅಂದಿನ ಮೋಟರು ಅದರೊಳಗೆ ಹಿಡಿಸಲಿಲ್ಲ. ಹಾಗಾಗಿ ಮೈಯನ್ನು ದೊಡ್ಡದು ಮಾಡಿ ಹಳಿಯನ್ನು ಇದ್ದಂತೆಯೇ ಬಿಟ್ಟರು. 20 ಮೀಟರಿನ ಬೋಗಿ ಒಂದರಲ್ಲಿ 23 ಸೆಂ.ಮೀ., ಇನ್ನೊಂದರಲ್ಲಿ 26. ಇಟಲಿಯ ಲಿಮಾ ಕಂಪನಿ 1970ರ ದಶಕದಲ್ಲಿ ಬ್ರಿಟಿಷ್ ರೈಲುಗಳನ್ನು ಮೊದಲು 1:87ರಲ್ಲಿ ಮಾಡಿತು. ಹಾರ್ನ್‌ಬಿ ಇಂಜಿನ್ನಿನ ಹಿಂದೆ ಕಟ್ಟಿದರೆ ಅಪ್ಪನ ಹಿಂದೆ ಮಗು ಹೊರಟ ಹಾಗೆ. ಕೊನೆಗೆ ಆ ಕಂಪನಿಯೂ 1:76ಕ್ಕೆ ಬಂತು.

ಇನ್ನು ಕೊಂಡಿ. ಬ್ರಿಟಿಷ್ ಮಾದರಿಯಲ್ಲಿ ಕೊಕ್ಕೆ ಒಂದು ಅಡ್ಡಕಡ್ಡಿಗೆ ಸಿಕ್ಕಿಕೊಳ್ಳುತ್ತೆ. ಅಮೆರಿಕದ ಕೇಡಿ ಕೊಂಡಿ ಎರಡು ಕೈಯ ಬೆರಳು ಮಡಿಸಿ ಹೆಣೆದ ಹಾಗೆ. ಒಂದು ಇನ್ನೊಂದನ್ನು ಹಿಡಿಯೋದೇ ಇಲ್ಲ. ಈಗಿನ ಬೋಗಿಗಳಲ್ಲಿ ಹೆಚ್ಚಾಗಿ ಒಂದೇ ಅಳತೆಯ ಗೂಡು ಇರುತ್ತದೆ, ಕೊಂಡಿ ಕಿತ್ತು ಬೇರೆಯದು ಸಿಕ್ಕಿಸಬಹುದು. ಗೂಡಿಲ್ಲದ ಹಳೆಯವಕ್ಕೆ ಒಂದು ಉಪಾಯ: ಈ ಕಡೆ ಒಂದು ಜಾತಿ ಕೊಂಡಿ, ಆ ಕಡೆ ಇನ್ನೊಂದು ಜಾತಿ ಇರುವ ಬೋಗಿಯನ್ನು ನಡುವೆ ಸೇರಿಸೋದು. ನಮ್ಮ ನಿಜ ರೈಲಿನಲ್ಲೂ ಈ ತಾಪತ್ರಯ ಇದೆ. ಪೆರಂಬೂರು ಕಾರ್ಖಾನೆಯ ಹಳೆಯ ನಮೂನೆ ಬೋಗಿಗೆ ತಿರುಪಿನ ಕೊಂಡಿ, ಪಕ್ಕದಲ್ಲಿ ಎರಡು ಬಫರ್. 2000ದಲ್ಲಿ ಜರ್ಮನಿಯಿಂದ ಬಂದ ಎಲ್‌ಎಚ್‌ಬಿ ನಮೂನೆಗೆ ನಡುವೆ ಒಂದೇ ದಪ್ಪ ಕೊಂಡಿ. ಎರಡನ್ನೂ ಹಿಡಿಯುವ ಕೊಂಡಿಯನ್ನು ಇಂಜಿನ್‌ಗಳಿಗೆ ಹಾಕಿದ್ದಾರೆ. ಸ್ಟೇಷನ್ನಿಗೆ ಹೋದಾಗ ಪ್ಲಾಟ್‌ಫಾರಂ ಮೇಲೆ ನಿಂತೇ ನೋಡಿ, ಹಳಿಗೆ ಇಳಿಯಬೇಡಿ.

ಕಣ್ಣಿಗೆ ಕಾಣದ ತೊಂದರೆ ಕರೆಂಟಿನದು. ನನಗೆ ಇದೇ ದೊಡ್ಡದು ಅನ್ನಿಸುತ್ತೆ. ಮಾರ್ಕ್ಲಿನ್‌ನ ಎಚ್‌ಓ ಹಳಿಯ ನಡುವೆ ಸಣ್ಣ ಮೊಳೆಗಳ ಸಾಲಿದೆ. ಕರೆಂಟು ಅಲ್ಲಿಂದ ಇಂಜಿನ್ನಿಗೆ ಹತ್ತಿ, ಎರಡೂ ಹಳಿಗಳಲ್ಲಿ ವಾಪಸ್ಸು ಹೋಗುತ್ತದೆ. ಆದ್ದರಿಂದ ಅದರ ಗಾಲಿ, ಅಚ್ಚು ಎಲ್ಲ ಲೋಹವಾದರೂ ನಡೆಯುತ್ತೆ. ಬೇರೆ ಕಂಪನಿಗಳಲ್ಲಿ ಎಡಹಳಿ ಒಂದು ತಂತಿ, ಬಲಹಳಿ ಇನ್ನೊಂದು ತಂತಿ ಇದ್ದಂತೆ. ಅದರ ಮೇಲೆ ಮಾರ್ಕ್ಲಿನ್ ಬೋಗಿ ಇಟ್ಟರೆ ಅಚ್ಚು ಎರಡನ್ನೂ ಕೂಡಿಸಿ ಶಾರ್ಟ್ ಆಗುತ್ತದೆ. ಒಂದು ಬೋಗಿ ಸಾಕು, ಇಡೀ ರೈಲು ನಿಲ್ಲುತ್ತೆ. ಗಾಲಿ ಬದಲಿಸಿದರೆ ಸರಿ. ಇಂಜಿನ್ ಬದಲಿಸೋದು ಅಷ್ಟು ಸುಲಭ ಅಲ್ಲ.

ಉದ್ದದಲ್ಲೂ ಮೋಸ ಇದೆ. ಜರ್ಮನಿಯ 26.4 ಮೀಟರಿನ ಬೋಗಿ 1:87ರಲ್ಲಿ 30 ಸೆಂ.ಮೀ. ಆಗಬೇಕು. ಮನೆಯೊಳಗಿನ ಸಣ್ಣ ತಿರುವಿನಲ್ಲಿ ಮೂಲೆ ಹೊರಗೆ ಚಾಚುತ್ತದೆ ಅಂತ ಕೆಲವರು 28, ಕೆಲವರು 26 ಸೆಂ.ಮೀ. ಮಾಡಿದರು.

ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎಂಟನೇ ತರಗತಿಯವರು ರಟ್ಟಿನ ಇಂಜಿನ್, ನಾವು ಬೋಗಿ ಮಾಡೋದು ಅಂತ ಆಗಿದೆ. ರಟ್ಟು ಕತ್ತರಿಸುವ ಮೊದಲೇ ಪ್ರಮಾಣ ಒಂದು ಮಾಡಿಕೊಳ್ಳೋಣ. ರಟ್ಟಿಗೆ 1:87 ತೀರಾ ಚಿಕ್ಕದು, 1:50 ಇರಲಿ. ಹಳೆಯ ನಮೂನೆ ಬೋಗಿ ಬಫರ್ ಬಿಟ್ಟು 21.3 ಮೀಟರ್, ಅಂದರೆ 42.6 ಸೆಂ.ಮೀ. ಡಬ್ಲ್ಯುಎಪಿ-7 ಇಂಜಿನ್ ಬಫರ್ ಸೇರಿ 20.5 ಮೀಟರ್, 41 ಸೆಂ.ಮೀ. ನಮ್ಮ ಬ್ರಾಡ್‌ಗೇಜ್ ಹಳಿ 1676 ಮಿ.ಮೀ. ಅಗಲ, ಹಾಗಾಗಿ ಗಾಲಿಗಳ ನಡುವೆ 3.3 ಸೆಂ.ಮೀ. ಬಿಡಿ. ಕೊಂಡಿಯನ್ನು ಎರಡೂ ತರಗತಿಯವರು ಒಂದೇ ತಂತಿಯಲ್ಲಿ, ಒಂದೇ ಎತ್ತರಕ್ಕೆ ಮಾಡಿ.