ಭಾರ, ಗಾಳಿ, ವಯಸ್ಸು: ದೋಣಿ ಟ್ರೇಲರ್‌ನ ಚಕ್ರದ ಲೆಕ್ಕ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ 11,842 ಇವೆ. ಚಳಿಗಾಲ ಬಂತೆಂದರೆ ಇವು ಹೆಪ್ಪುಗಟ್ಟುತ್ತವೆ. ಉತ್ತರದ ಕೆಲವು ಸರೋವರಗಳಲ್ಲಿ ಮಂಜುಗಡ್ಡೆ ಪೂರ್ತಿ ಕರಗುವಷ್ಟರಲ್ಲಿ ಮೇ ತಿಂಗಳು ಬಂದಿರುತ್ತದೆ. ಹಾಗಾಗಿ ಅಲ್ಲಿನ ಮೋಟಾರು ದೋಣಿಗಳು ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಮನೆಯಂಗಳದಲ್ಲಿ ಟ್ರೇಲರ್ ಮೇಲೆ ಕುಳಿತಿರುತ್ತವೆ. ಮೇ ತಿಂಗಳಲ್ಲಿ ಮೀನು ಹಿಡಿಯುವ ಋತು ತೆರೆದ ಕೂಡಲೇ ಟ್ರೇಲರನ್ನು ಕಾರಿಗೆ ಸಿಕ್ಕಿಸಿ ಹೆದ್ದಾರಿಗೆ ಇಳಿಸುತ್ತಾರೆ. ತಿಂಗಳುಗಟ್ಟಲೆ ಅಲುಗಾಡದೆ ನಿಂತಿದ್ದ ಟೈರು ಅಂದೇ ತನ್ನ ಶಕ್ತಿಯ ಕೊನೆಯ ಅಂಚಿನವರೆಗೆ ಭಾರ ಹೊತ್ತು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಉರುಳಬೇಕು. ದಾರಿಬದಿಯಲ್ಲಿ ಟೈರು ಸಿಡಿದು ನಿಂತ ಟ್ರೇಲರ್‌ಗಳು ಕಾಣಸಿಗುವುದು ಇಂಥ ದಿನಗಳಲ್ಲೇ.

ಕಾರಿನ ಟೈರು ಸಾಮಾನ್ಯವಾಗಿ ಸವೆದು ಮುಗಿಯುತ್ತದೆ. ದೋಣಿ ಟ್ರೇಲರ್‌ನ ಟೈರು ಸವೆಯುವ ಮೊದಲೇ ಕೆಡುತ್ತದೆ. ಅದು ವರ್ಷಕ್ಕೆ ಓಡುವ ದೂರ ಕಡಿಮೆ, ಆದ್ದರಿಂದ ಮೇಲಿನ ಗ್ರಿಪ್ ಹೊಸದರಂತೆಯೇ ಉಳಿದಿರುತ್ತದೆ. ಒಳಗಿನ ರಬ್ಬರು ಮಾತ್ರ ಹಳತಾಗುತ್ತಲೇ ಇರುತ್ತದೆ. ಗ್ರಿಪ್ ನೋಡಿ ಟೈರಿನ ಆರೋಗ್ಯ ಅಳೆಯುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಹೊಸ ಚಕ್ರ, ಹೊಸ ಟೈರು ಕೊಳ್ಳಲು ಹೊರಟವರು ಲೆಕ್ಕ ಹಾಕಬೇಕಾದದ್ದು ನಾಲ್ಕು ಸಂಗತಿಗಳನ್ನು: ಎಷ್ಟು ಭಾರ, ಎಷ್ಟು ಗಾಳಿ, ಎಷ್ಟು ವಯಸ್ಸು ಮತ್ತು ಚಕ್ರ ಕೂರುವ ಅಳತೆ.

ಭಾರದ ಲೆಕ್ಕ

ಟ್ರೇಲರ್‌ಗೆಂದೇ ತಯಾರಾಗುವ ಟೈರಿನ ಪಕ್ಕೆಯ ಮೇಲೆ 'ಎಸ್‌ಟಿ 205/75ಆರ್14' ಎಂಬಂಥ ಬರಹ ಇರುತ್ತದೆ. ಎಸ್‌ಟಿ ಎಂದರೆ ಸ್ಪೆಷಲ್ ಟ್ರೇಲರ್. ಟೈರಿನ ಅಗಲ 205 ಮಿಲಿಮೀಟರ್. ಪಕ್ಕೆಯ ಎತ್ತರ ಅಗಲದ ಶೇ. 75, ಆರ್ ಎಂದರೆ ರೇಡಿಯಲ್, 14 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಟ್ರೇಲರ್‌ನ ಚಕ್ರಕ್ಕೆ ವಾಹನವನ್ನು ತಿರುಗಿಸುವ ಕೆಲಸವೂ ಇಲ್ಲ, ಮುಂದೆ ತಳ್ಳುವ ಕೆಲಸವೂ ಇಲ್ಲ. ಭಾರ ಹೊತ್ತು, ಆಚೀಚೆ ತೂಗಾಡದೆ ಕಾರನ್ನು ಹಿಂಬಾಲಿಸಿದರೆ ಸಾಕು. ಅದಕ್ಕಾಗಿ ಇವುಗಳ ಪಕ್ಕೆ ಕಾರಿನ ಟೈರಿಗಿಂತ ಬಿಗಿಯಾಗಿರುತ್ತದೆ. ಕಾರಿನ ಹಳೆಯ ಟೈರನ್ನೇ ಟ್ರೇಲರ್‌ಗೆ ಹಾಕುವವರು ಒಂದು ನಿಯಮವನ್ನು ತಿಳಿದಿರಬೇಕು: ಕಾರಿನ ಟೈರನ್ನು ಟ್ರೇಲರ್‌ಗೆ ಬಳಸಿದಾಗ ಅದರ ಭಾರದ ಮಿತಿಯನ್ನು 1.10ರಿಂದ ಭಾಗಿಸಿ ತಗ್ಗಿಸಬೇಕೆಂದು ಅಮೆರಿಕದ ವಾಹನ ಸುರಕ್ಷತಾ ನಿಯಮಗಳೇ ಹೇಳುತ್ತವೆ.

ಅಳತೆಯ ಪಕ್ಕದಲ್ಲಿ ಬಿ, ಸಿ, ಡಿ, ಇ ಎಂಬ ಅಕ್ಷರಗಳಲ್ಲಿ ಒಂದು ಇರುತ್ತದೆ. ಇದು ಟೈರಿನ ಭಾರದ ಶ್ರೇಣಿ. ಟ್ರೇಲರ್ ಟೈರುಗಳಲ್ಲಿ ಈ ನಾಲ್ಕಕ್ಕೆ ತುಂಬಬೇಕಾದ ಗರಿಷ್ಠ ಗಾಳಿಯ ಒತ್ತಡ ಸಾಮಾನ್ಯವಾಗಿ ಕ್ರಮವಾಗಿ 35, 50, 65 ಮತ್ತು 80 ಪಿಎಸ್‌ಐ. ಹೊರಗಿನಿಂದ ಒಂದೇ ಗಾತ್ರ ಕಂಡರೂ ಅಕ್ಷರ ಬೇರೆಯಾದರೆ ಹೊರುವ ಶಕ್ತಿಯೂ ಬೇರೆ.

ಒಂದು ಲೆಕ್ಕ ಮಾಡೋಣ. ಎಂಜಿನ್ ಸೇರಿ ಸಾವಿರ ಕಿಲೋ ತೂಗುವ, ಹದಿನೇಳು ಹದಿನೆಂಟು ಅಡಿ ಉದ್ದದ ದೋಣಿ. ಅದರ ಟ್ಯಾಂಕಿನಲ್ಲಿ 95 ಲೀಟರ್ ಪೆಟ್ರೋಲ್, ಅಂದರೆ ಸುಮಾರು 70 ಕಿಲೋ. ಬ್ಯಾಟರಿ, ಲಂಗರು, ಹಗ್ಗ, ಲೈಫ್ ಜಾಕೆಟ್, ಐಸ್ ಪೆಟ್ಟಿಗೆ ಸೇರಿ 110 ಕಿಲೋ. ಟ್ರೇಲರ್‌ನ ತೂಕ 320 ಕಿಲೋ. ಒಟ್ಟು 1500 ಕಿಲೋ. ಇದರಲ್ಲಿ ಹತ್ತನೇ ಒಂದು ಭಾಗ ಕಾರಿನ ಕೊಂಡಿಯ ಮೇಲೆ ಬಿದ್ದರೆ, ಉಳಿದ 1350 ಕಿಲೋ ಎರಡು ಟೈರುಗಳ ಪಾಲು. ಒಂದೊಂದಕ್ಕೆ 675 ಕಿಲೋ. ಇಂಥ ಟ್ರೇಲರ್‌ಗಳಲ್ಲಿ ತುಂಬ ಕಾಣುವ ಎಸ್‌ಟಿ 175/80ಆರ್13 ಅಳತೆಯ, ಸಿ ಶ್ರೇಣಿಯ ಟೈರಿನ ಮಿತಿ 615 ಕಿಲೋ. ಅದು ಸಾಲದು. ಎಸ್‌ಟಿ 205/75ಆರ್14, ಸಿ ಶ್ರೇಣಿಯ ಮಿತಿ 800 ಕಿಲೋ. ಇಲ್ಲಿ ಶೇ. 15ರಷ್ಟು ಶಕ್ತಿ ಮಿಗುತ್ತದೆ. ದೋಣಿ ಎಂದೂ ಎಡಬಲಕ್ಕೆ ಸರಿಸಮವಾಗಿ ತೂಗುವುದಿಲ್ಲ, ರಸ್ತೆಯ ಹೊಂಡಗಳೂ ತಪ್ಪುವುದಿಲ್ಲ. ಆ ಮಿಗತೆ ಇರಲೇಬೇಕು.

ದೋಣಿಯ ಕೈಪಿಡಿಯಲ್ಲಿರುವ ತೂಕ ಬಹುಪಾಲು ಒಣ ತೂಕ. ಇಂಧನ, ಸಾಮಾನು ಅದರಲ್ಲಿ ಸೇರಿರುವುದಿಲ್ಲ. ಹೆದ್ದಾರಿ ಪಕ್ಕದ ಲಾರಿ ತೂಕಸೇತುವೆಯ ಮೇಲೆ ತುಂಬಿದ ಟ್ರೇಲರನ್ನು ಒಮ್ಮೆ ತೂಗಿಸುವುದೇ ನಂಬಬಹುದಾದ ದಾರಿ. ಇನ್ನೊಂದು ಎಚ್ಚರ: ದೊಡ್ಡ ಟೈರು ಹಾಕಿದ ಮಾತ್ರಕ್ಕೆ ಟ್ರೇಲರ್‌ನ ಶಕ್ತಿ ಹೆಚ್ಚುವುದಿಲ್ಲ. ಅಚ್ಚು, ಸ್ಪ್ರಿಂಗು, ಚೌಕಟ್ಟುಗಳ ಮಿತಿ ಟ್ರೇಲರ್‌ನ ಫಲಕದಲ್ಲಿ ಬರೆದಷ್ಟೇ.

ಗಾಳಿಯೇ ಹೊರುವುದು

ಭಾರ ಹೊರುವುದು ರಬ್ಬರಲ್ಲ, ಅದರೊಳಗೆ ಒತ್ತಿ ತುಂಬಿದ ಗಾಳಿ. ಮೇಲೆ ಹೇಳಿದ 800 ಕಿಲೋ ಮಿತಿಯ ಟೈರಿನಲ್ಲಿ 50 ಪಿಎಸ್‌ಐ ಬದಲು 35 ಪಿಎಸ್‌ಐ ಮಾತ್ರ ಇದ್ದರೆ ಅದರ ಶಕ್ತಿ ಸುಮಾರು 650 ಕಿಲೋಗೆ ಇಳಿಯುತ್ತದೆ. ನಮ್ಮ ಲೆಕ್ಕದ 675 ಕಿಲೋಗೆ ಆಗ ಅದೂ ಸಾಲದು. ಸರಿಯಾದ ಟೈರನ್ನೇ ಆರಿಸಿದ್ದರೂ ಗಾಳಿ ಕಡಿಮೆಯಾದರೆ ತಪ್ಪು ಟೈರು ಕೊಂಡಷ್ಟೇ ಅಪಾಯ.

ಗಾಳಿ ತಾನಾಗಿಯೇ ಕಡಿಮೆಯಾಗುತ್ತದೆ. ರಬ್ಬರು ಗಾಳಿಯನ್ನು ಪೂರ್ತಿ ತಡೆಯಲಾರದು; ಒಂದು ರಂಧ್ರವೂ ಇಲ್ಲದ ಟೈರಿನಿಂದ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರಿಹೋಗುತ್ತದೆ. ಅಕ್ಟೋಬರಿನಲ್ಲಿ ನಿಲ್ಲಿಸಿ ಮೇ ತಿಂಗಳಲ್ಲಿ ಹೊರತೆಗೆದ ಟ್ರೇಲರ್‌ನಲ್ಲಿ ಹತ್ತು ಪಿಎಸ್‌ಐ ಕಡಿಮೆಯಾಗಿದ್ದರೆ ಅಚ್ಚರಿಯಿಲ್ಲ. ತಾಪಮಾನದ ಪಾಲೂ ಇದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 50 ಪಿಎಸ್‌ಐ ತುಂಬಿದ ಟೈರು ಸೊನ್ನೆ ಡಿಗ್ರಿಯ ಬೆಳಗಿನಲ್ಲಿ ಸುಮಾರು 46 ತೋರಿಸುತ್ತದೆ. ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆದು ತುಂಬಬೇಕು. ಓಡಿ ಬಿಸಿಯಾದ ಮೇಲೆ ಒತ್ತಡ ಏರುವುದು ಸಹಜ. ಅದನ್ನು ಕಂಡು ಗಾಳಿ ಬಿಡುವುದು ತಪ್ಪು.

ಕಡಿಮೆ ಗಾಳಿ ಟೈರನ್ನು ಕೊಲ್ಲುವುದು ಶಾಖದ ಮೂಲಕ. ನೆಲಕ್ಕೆ ತಾಗುವ ಜಾಗದಲ್ಲಿ ಟೈರು ಪ್ರತಿ ಸುತ್ತಿಗೂ ಒಮ್ಮೆ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಬಾಗಿಸಲು ಹಾಕಿದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಒಳಗೇ ಉಳಿಯುತ್ತದೆ, ತಂತಿಯೊಂದನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಬಾಗಿದ ಜಾಗ ಬಿಸಿಯಾಗುವಂತೆ. ಎಸ್‌ಟಿ 175/80ಆರ್13 ಟೈರಿನ ಸುತ್ತಳತೆ 1.9 ಮೀಟರ್. ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಅದರ ಪ್ರತಿಯೊಂದು ಬಿಂದುವೂ ಸುಮಾರು 52 ಸಾವಿರ ಸಲ ಬಾಗಿ ನೆಟ್ಟಗಾಗಿರುತ್ತದೆ. ಗಾಳಿ ಕಡಿಮೆಯಿದ್ದರೆ ಬಾಗು ಹೆಚ್ಚು, ಭಾರ ಹೆಚ್ಚಿದ್ದರೆ ಬಾಗು ಹೆಚ್ಚು, ವೇಗ ಹೆಚ್ಚಿದ್ದರೆ ಬಾಗುಗಳ ನಡುವೆ ತಣಿಯಲು ಬಿಡುವಿಲ್ಲ. ಮೂರೂ ಸೇರಿದಾಗ ಉಕ್ಕಿನ ತಂತಿಯ ಪದರ ಮತ್ತು ರಬ್ಬರಿನ ನಡುವಿನ ಬೆಸುಗೆ ಸಡಿಲುತ್ತದೆ. ಮೇಲಿನ ಪದರವೇ ಕಿತ್ತುಬರುತ್ತದೆ.

ಇದು ಎಷ್ಟು ಘೋರವಾಗಬಲ್ಲದೆಂದು 2000ದ ಫೈರ್‌ಸ್ಟೋನ್ ಪ್ರಕರಣ ತೋರಿಸಿತು. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿ ಪದರ ಕಿತ್ತುಬಂದು ಸಂಭವಿಸಿದ ಅಪಘಾತಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಆಗಸ್ಟ್‌ನಲ್ಲಿ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ದೂರುಗಳಲ್ಲಿ ಹೆಚ್ಚಿನವು ಬಂದದ್ದು ಟೆಕ್ಸಾಸ್, ಫ್ಲೋರಿಡಾ, ಅರಿಝೋನಾದಂಥ ಬಿಸಿಲುನಾಡುಗಳಿಂದ. ಅದೇ ವರ್ಷ ಬಂದ ಹೊಸ ಕಾನೂನಿನ ಫಲವಾಗಿ ಅಮೆರಿಕದ ಹೊಸ ಕಾರುಗಳಲ್ಲೆಲ್ಲ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಯಿತು. ಟ್ರೇಲರ್‌ಗೆ ಆ ಕಡ್ಡಾಯ ಇಲ್ಲ. ಚಾಲಕನ ಬೆನ್ನ ಹಿಂದೆ ಇರುವ ಈ ಚಕ್ರಗಳನ್ನು ಅವನ ಕೈಯಲ್ಲಿರುವ ಒತ್ತಡಮಾಪಕವೇ ಕಾಯಬೇಕು.

ವೇಗಕ್ಕೂ ಮಿತಿ ಇದೆ. ಪಕ್ಕೆಯ ಮೇಲೆ ಬೇರೆ ಸೂಚನೆ ಇಲ್ಲದಿದ್ದರೆ ಎಸ್‌ಟಿ ಟೈರುಗಳ ಮಿತಿ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್ ಎಂದು ತಿಳಿಯುವುದು ರೂಢಿ. ಎಲ್ ಅಕ್ಷರವಿದ್ದರೆ 120, ಎಂ ಇದ್ದರೆ 130, ಎನ್ ಇದ್ದರೆ 140 ಕಿಲೋಮೀಟರ್. ದೂರದ ಹೆದ್ದಾರಿ ಪ್ರಯಾಣ ಇರುವವರಿಗೆ ರೇಡಿಯಲ್ ಟೈರೇ ಸೂಕ್ತ, ಅದು ಓರೆನಾರಿನ ಹಳೆಯ ಬಗೆಯ ಟೈರಿಗಿಂತ ತಂಪಾಗಿ ಓಡುತ್ತದೆ. ಎರಡು ಬಗೆಗಳನ್ನು ಒಂದೇ ಅಚ್ಚಿನಲ್ಲಿ ಬೆರೆಸಬಾರದು.

ಪಕ್ಕೆಯ ಮೇಲಿನ ಹುಟ್ಟಿದ ವಾರ

ಗಂಧಕ ಬೆರೆಸಿ ಬೇಯಿಸಿದಾಗ ರಬ್ಬರಿನ ಉದ್ದುದ್ದ ಅಣುಗಳ ನಡುವೆ ಕೊಂಡಿಗಳು ಹುಟ್ಟಿ ಅದಕ್ಕೆ ಗಟ್ಟಿತನ ಬರುತ್ತದೆ. ಕಾರ್ಖಾನೆಯಿಂದ ಹೊರಬಂದ ಮೇಲೂ ರಬ್ಬರಿನ ರಸಾಯನ ನಿಲ್ಲುವುದಿಲ್ಲ. ಆಮ್ಲಜನಕ ಒಳಹೊಕ್ಕು ಕೆಲವು ಕೊಂಡಿಗಳನ್ನು ಮುರಿಯುತ್ತದೆ, ಬೇಡದ ಕಡೆ ಹೊಸದನ್ನು ಹಾಕುತ್ತದೆ, ರಬ್ಬರು ಪೆಡಸಾಗುತ್ತದೆ. ಗಾಳಿಯಲ್ಲಿರುವ ಓಝೋನ್ ಪಕ್ಕೆಯ ಮೇಲೆ ಸಣ್ಣ ಸಣ್ಣ ಬಿರುಕು ಮೂಡಿಸುತ್ತದೆ. ಇದನ್ನು ತಡೆಯಲೆಂದು ಟೈರಿನಲ್ಲಿ ಮೇಣ ಬೆರೆಸಿರುತ್ತಾರೆ. ಟೈರು ಓಡುತ್ತ ಬಾಗಿದಂತೆಲ್ಲ ಈ ಮೇಣ ಮೇಲ್ಮೈಗೆ ಬಂದು ತೆಳುವಾದ ಕಾಪಾಗುತ್ತದೆ. ನಿಂತೇ ಇರುವ ಟೈರಿಗೆ ಆ ಕಾಪು ಸಾಕಷ್ಟು ಸಿಗುವುದಿಲ್ಲ. ಬಳಸದ ಟೈರು ಬೇಗ ಬಿರಿಯುವ ವಿಚಿತ್ರಕ್ಕೆ ಕಾರಣ ಇದು.

ಟೈರಿನ ವಯಸ್ಸು ತಿಳಿಯುವುದು ಸುಲಭ. ಪಕ್ಕೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ತೊಡಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ. 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಪೂರ್ತಿ ಸಂಕೇತ ಒಂದೇ ಪಕ್ಕೆಯಲ್ಲಿ ಇರಬಹುದು. ಹೊರಗೆ ಕಾಣದಿದ್ದರೆ ಬಗ್ಗಿ ಒಳಮೈ ನೋಡಬೇಕು. ಟ್ರೇಲರ್ ಟೈರುಗಳನ್ನು ಐದಾರು ವರ್ಷಕ್ಕೆ ಬದಲಿಸುವುದು ಬಲ್ಲವರ ರೂಢಿ, ಗ್ರಿಪ್ ಎಷ್ಟೇ ಉಳಿದಿರಲಿ. ಹೊಸ ಟೈರು ಕೊಳ್ಳುವಾಗಲೂ ಈ ಅಂಕಿಗಳನ್ನು ಓದಿಯೇ ಹಣ ಕೊಡಬೇಕು. ಅಂಗಡಿಯ ಕಪಾಟಿನಲ್ಲಿ ಎರಡು ವರ್ಷ ಕಳೆದ ಟೈರು ತನ್ನ ಆಯುಸ್ಸಿನ ಮೂರನೇ ಒಂದು ಭಾಗವನ್ನು ಆಗಲೇ ಕಳೆದುಕೊಂಡಿರುತ್ತದೆ.

ಚಕ್ರ ಕೂರುವ ಅಳತೆ

ಇನ್ನು ಚಕ್ರದ ಲೋಹದ ಭಾಗ. ಮೊದಲ ಅಳತೆ ಬೋಲ್ಟುಗಳ ವೃತ್ತದ್ದು. ನಾಲ್ಕು ಅಥವಾ ಆರು ಬೋಲ್ಟುಗಳಿದ್ದರೆ ಎದುರುಬದುರಿನ ಎರಡರ ಕೇಂದ್ರಗಳ ನಡುವಿನ ದೂರವೇ ವ್ಯಾಸ. ಐದು ಬೋಲ್ಟುಗಳಿದ್ದರೆ ಯಾವುದಕ್ಕೂ ನೇರ ಎದುರು ಇನ್ನೊಂದಿಲ್ಲ. ಆಗ ಅಕ್ಕಪಕ್ಕದ ಎರಡು ಕೇಂದ್ರಗಳ ನಡುವಿನ ದೂರವನ್ನು ಅಳೆದು 1.701ರಿಂದ ಗುಣಿಸಬೇಕು. ಟ್ರೇಲರ್‌ಗಳಲ್ಲಿ ಬಹಳ ಬಳಕೆಯಲ್ಲಿರುವುದು 114.3 ಮಿಲಿಮೀಟರ್, ಅಂದರೆ ನಾಲ್ಕೂವರೆ ಇಂಚಿನ ವೃತ್ತ. ಅದರಲ್ಲಿ ಪಕ್ಕದ ಬೋಲ್ಟುಗಳ ಅಂತರ 67.2 ಮಿಲಿಮೀಟರ್. ನಾಲ್ಕೂ ಮುಕ್ಕಾಲು ಇಂಚಿನ ವೃತ್ತದಲ್ಲಿ ಅದು 70.9. ವ್ಯತ್ಯಾಸ ನಾಲ್ಕು ಮಿಲಿಮೀಟರ್‌ಗೂ ಕಡಿಮೆ. ಕಣ್ಣಳತೆಯಲ್ಲಿ ಎರಡನ್ನೂ ಒಂದೇ ಎಂದುಕೊಳ್ಳುವುದು ಸುಲಭ.

ರಿಮ್ಮಿಗೂ ಭಾರದ ಮಿತಿಯಿದೆ, ಅದು ಟೈರಿನ ಮಿತಿಗಿಂತ ಕಡಿಮೆಯಿರಬಾರದು. 13 ಇಂಚಿನಿಂದ ಮೇಲೆ ಹೇಳಿದ 14 ಇಂಚಿನ ಟೈರಿಗೆ ಏರಿದರೆ ವ್ಯಾಸ 610ರಿಂದ 663 ಮಿಲಿಮೀಟರ್‌ಗೆ ಬೆಳೆಯುತ್ತದೆ. ಅಚ್ಚು ಹೊಂಡಕ್ಕೆ ಬಿದ್ದು ಮೇಲಕ್ಕೆ ಜಿಗಿದಾಗಲೂ ಮಡ್‌ಗಾರ್ಡ್‌ಗೆ ತಾಗದಷ್ಟು ಜಾಗ ಉಳಿಯುತ್ತದೆಯೇ ಎಂದು ಅಳೆಯಬೇಕು. ಟ್ರೇಲರ್ ಚಕ್ರಗಳಲ್ಲಿ ಬೋಲ್ಟು ಕೂರುವ ತಟ್ಟೆ ಸಾಮಾನ್ಯವಾಗಿ ರಿಮ್ಮಿನ ಅಗಲದ ನಟ್ಟನಡುವೆ ಇರುತ್ತದೆ. ಕಾರಿನ ಚಕ್ರಗಳಲ್ಲಿ ಹಾಗಿರುವುದಿಲ್ಲ. ಆದ್ದರಿಂದ ಬೋಲ್ಟು ಹೊಂದಿದರೂ ಕಾರಿನ ಚಕ್ರ ಒಳಸರಿದು ಚೌಕಟ್ಟಿಗೆ ಉಜ್ಜಬಹುದು.

ದೋಣಿ ಟ್ರೇಲರ್ ನೀರಿಗಿಳಿಯುವ ಬಂಡಿ. ಫ್ಲೋರಿಡಾದಂಥ ಕಡಲತೀರದಲ್ಲಿ ಅದು ಉಪ್ಪುನೀರು. ಬಣ್ಣ ಬಳಿದ ಉಕ್ಕಿನ ಚಕ್ರದಲ್ಲಿ ಒಂದು ಗೀರು ಬಿದ್ದರೂ ತುಕ್ಕು ಬಣ್ಣದಡಿಯಲ್ಲಿ ಹಬ್ಬುತ್ತದೆ. ರಿಮ್ಮಿನ ಅಂಚು ತುಕ್ಕು ಹಿಡಿದರೆ ಟೈರು ಬಿಗಿಯಾಗಿ ಕೂರದೆ ಗಾಳಿ ಸೋರುತ್ತದೆ. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಗ್ಯಾಲ್ವನೈಸ್ಡ್ ಚಕ್ರದಲ್ಲಿ ಸತುವು ಕಬ್ಬಿಣಕ್ಕಿಂತ ಮೊದಲು ತಾನೇ ಸವೆದು ಗೀರು ಬಿದ್ದ ಜಾಗವನ್ನೂ ಕಾಯುತ್ತದೆ. ಅಲ್ಯೂಮಿನಿಯಂ ಹಗುರ, ಸುಂದರ. ಆದರೆ ಉಪ್ಪುನೀರಿನಲ್ಲಿ ಉಕ್ಕಿನ ಬೋಲ್ಟಿಗೆ ತಾಗಿದಲ್ಲಿ ಅದು ಕೊರೆದುಹೋಗುತ್ತದೆ. ಕಡಲಿಗೆ ಗ್ಯಾಲ್ವನೈಸ್ಡ್ ಚಕ್ರ, ಸಿಹಿನೀರಿಗೆ ಮೂರರಲ್ಲಿ ಯಾವುದಾದರೂ ಸರಿ ಎಂಬುದು ನನ್ನ ತೀರ್ಮಾನ. ಯಾವುದಾದರೂ ಸರಿ, ಉಪ್ಪುನೀರಿನಿಂದ ಎತ್ತಿದ ಮೇಲೆ ಸಿಹಿನೀರಿನಿಂದ ತೊಳೆಯಲೇಬೇಕು.

ಚಕ್ರ ಬಿಚ್ಚಿದಾಗ ಹಬ್ಬಿನ ಒಳಗನ್ನೂ ನೋಡುವುದು ಒಳ್ಳೆಯದು. ಓಡಿ ಬಂದು 60 ಡಿಗ್ರಿಗೆ ಬಿಸಿಯಾದ ಹಬ್ಬು 20 ಡಿಗ್ರಿಯ ನೀರಿಗೆ ಇಳಿದಾಗ ಒಳಗಿನ ಗಾಳಿ ಸುಮಾರು ಶೇ. 12ರಷ್ಟು ಕುಗ್ಗಿ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಬೇರಿಂಗಿಗೆ ತುಕ್ಕು ಹತ್ತುವುದು ಹೀಗೆ. ಸ್ಪ್ರಿಂಗಿನ ಬಲದಿಂದ ಗ್ರೀಸನ್ನು ಒಳಗೆ ಒತ್ತಿ ಹಿಡಿಯುವ ಮುಚ್ಚಳ ಈ ಎಳೆತವನ್ನು ತಡೆಯುತ್ತದೆ. ಅದು ಹೊರಕ್ಕೆ ಚಾಚಿಕೊಂಡಿರುವುದರಿಂದ ಹೊಸ ಚಕ್ರದ ನಡುವಿನ ರಂಧ್ರ ಅದನ್ನು ದಾಟಿಸುವಷ್ಟು ದೊಡ್ಡದಿರಬೇಕು.

ಕೊನೆಗೆ ನಟ್ಟುಗಳು. ಅರ್ಧ ಇಂಚಿನ ಬೋಲ್ಟುಗಳಿಗೆ ಸಾಮಾನ್ಯ ಬಿಗಿತ 120ರಿಂದ 160 ನ್ಯೂಟನ್ ಮೀಟರ್. ನಕ್ಷತ್ರಾಕಾರದ ಕ್ರಮದಲ್ಲಿ, ಹಂತ ಹಂತವಾಗಿ, ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಬೇಕು. ಹೊಸ ಚಕ್ರ ಕೂತುಕೊಳ್ಳುತ್ತಿದ್ದಂತೆ ನಟ್ಟು ಸಡಿಲುವುದುಂಟು. ಮೊದಲ 10, 25, 50 ಮೈಲಿಗಳಲ್ಲಿ ನಿಲ್ಲಿಸಿ ಮತ್ತೆ ಬಿಗಿಯಬೇಕು.

ಮೊದಲು ತೂಗಿ, ಆಮೇಲೆ ಶ್ರೇಣಿ ಆರಿಸಿ, ತಯಾರಾದ ವಾರ ಓದಿ, ಅಳತೆ ಹೊಂದಿಸಿ, ತಣ್ಣಗಿರುವಾಗ ಪೂರ್ತಿ ಗಾಳಿ ತುಂಬಿ. ಬೆಲೆ, ಹೊಳಪುಗಳ ಮಾತು ಇವೆಲ್ಲದರ ನಂತರ. ದೋಣಿಯೂ ಟ್ರೇಲರೂ ಇಲ್ಲದ ಓದುಗರಿಗೂ ಇದರಲ್ಲಿ ಒಂದು ಕೆಲಸವಿದೆ. ನಿಮ್ಮ ಕಾರಿನ ಡಿಕ್ಕಿಯಲ್ಲಿರುವ ಸ್ಟೆಪ್ನಿಯೂ ವರ್ಷಗಟ್ಟಲೆ ಓಡದೆ ಹಳತಾಗುತ್ತಿರುವ ಟೈರೇ. ಮುಂದಿನ ದೂರದ ಪ್ರಯಾಣಕ್ಕೆ ಮೊದಲು ಅದರ ಗಾಳಿ ಅಳೆಯಿಸಿ, ಪಕ್ಕೆಯ ಮೇಲಿನ ಆ ನಾಲ್ಕು ಅಂಕಿಗಳನ್ನು ಒಮ್ಮೆ ಓದಿ.